ಮೇಣದ ಕಚ್ಚು

ಗದಗಿನ ಬಸ್ಸು ಹತ್ತೂವರಿಗೆ ಬರತೈತಿ.
ಕಂಡಕ್ಟರನ ಸೀಟಿನ ಕೆಳಗ ಒಂದು ಬೂಟಿನ ಡಬ್ಬಿ,
ಡಬ್ಬ್ಯಾಗ ಹಳೇ ಪೇಪರು, ಪೇಪರಿನಾಗ
ಯಾರದೋ ಬಾಯಿ.

ಸುಣ್ಣದಂಥ ಬಿಳೀ ಅಚ್ಚು, ಮ್ಯಾಲಿಂದೊಂದು, ಕೆಳಗಿಂದೊಂದು,
ನಡುವ ಗುಲಾಬಿ ಮೇಣದ ಹಲಿಗಿ.
ಚೀಟಿ: ಪ್ರಣತಿ ಬೂದಿಹಾಳ. ಹನ್ನೊಂದು. ಬೆಟಗೇರಿ.
ಕೆಳದವಡಿ ಎಂಟು ಮಿಲಿಮೀಟರ್ ಹಿಂದ.
ಬಣ್ಣ: ಗಿಣಿಹಸರು. ಹುಡಿಗಿ ಎರಡು ಸಲ ಹೇಳ್ಯಾಳ.

ಹುಬ್ಬಳ್ಳಿಯೊಳಗ, ಝೆರಾಕ್ಸ್ ಅಂಗಡಿ ಮ್ಯಾಲಿನ ಈ ಖೋಲ್ಯಾಗ
ಹದಿನೇಳು ವರ್ಷ ಕೂತೀನಿ.
ಮಾರಿ ನೋಡಿಲ್ಲ ಯಾರದೂ.
ಬಾಯಿ ನೋಡೀನಿ, ಮಾತಿಲ್ಲದ ಬಾಯಿ:
ನಾಲಿಗಿ ಇರೋ ಜಾಗಾ ಖಾಲಿ,
ಗಂಟಲ ಇರೋ ಕಡೆ ನನ್ನ ಟೇಬಲ್ಲು.

ಎಂಟು ಮಿಲಿಮೀಟರ್ ಅಂದ್ರ ಏನ್ ಮಹಾ?
ಒಂದು ಶೇಂಗಾ ಬೀಜದ ಅಗಲ.
ಅಷ್ಟರೊಳಗ ಕೆಳತುಟಿ ಹೋಗಿ ಅಡಗತೈತಿ,
ಮ್ಯಾಲಿನ ಎರಡು ಹಲ್ಲು ಹೊಸ್ತಿಲಿಗೆ ಬಂದು ನಿಲ್ಲತಾವ,
ಸಾಲ್ಯಾಗ ಒಂದು ಅಡ್ಡಹೆಸರು ಹುಟ್ಟತೈತಿ.
ಅದನ್ನ ಚೀಟ್ಯಾಗ ಬರಿಯಂಗಿಲ್ಲ. ನಂಗ ಗೊತ್ತು.

ನನ್ನ ಲಗ್ನದಾಗ ಫೋಟೋದಾಂವ ಅಂದಿದ್ದ:
"ಸ್ವಲ್ಪ ಬಾಯಿ ಮುಚ್ಚವಾ."
"ಮುಚ್ಚೀನಿರಿ," ಅಂದೆ.
"ಇದ ಮುಚ್ಚಿದ್ದು."

ತಂತಿ ತಿರುವಿ ಹಲ್ಲಿನ ಕೊರಳಿಗೆ ಕೊಂಡಿ ಮಾಡಿದೆ.
ಪುಡಿ ಉದುರಿಸಿ ಘಾಟಿನ ಎಣ್ಣಿ ಹನಿಸಿದೆ.
ಮ್ಯಾಲೊಂದು ಗಟ್ಟಿ, ಕೆಳಗೊಂದು ಗಟ್ಟಿ,
ಎರಡಕ್ಕೂ ಇಳಿಜಾರು, ಎಪ್ಪತ್ತು ಡಿಗ್ರಿ.
ಕಚ್ಚಿದ್ರ ಜಾರಿ ಕೆಳದವಡಿ ಮುಂದ ಬರಬೇಕು,
ಬ್ಯಾರೆ ದಾರಿ ಇಲ್ಲ.
ಯಾರೂ ಎಳಿಯಂಗಿಲ್ಲ, ಯಾರೂ ದಬ್ಬಂಗಿಲ್ಲ.
ಹುಡಿಗಿ ತಾನ ಕಚ್ಚಬೇಕು, ಉಗುಳು ತಾನ ನುಂಗಬೇಕು,
ಉಣ್ಣುವಾಗ್ಲೂ, ಮಲಗಿದಾಗ್ಲೂ.
ಮೊದಲ ವಾರ ಸಕ್ಕರಿ ಅನ್ನಾಕ ಹೋದ್ರ
ಥಕ್ಕರಿ ಆಗತೈತಿ.

ದೀಪಾವಳಿ ಮುಂದ ಅದೇ ಹೆಸರಿನ ಚೀಟಿ ಮತ್ತ ಬಂತು.
ಡಾಕ್ಟರ ಅಕ್ಷರ, ಸಿಟ್ಟೋ ನಗಿಯೋ ತಿಳೀವಲ್ದು:
"ಇನ್ನೊಮ್ಮೆ ಮಾಡ್ರಿ. ಗಿರಮಿಟ್ ತಿನ್ನಾಕ ತಗದು
ಕಾಗದದಾಗ ಸುತ್ತಿಟ್ಟಿದ್ಲಂತ. ಅಂಗಡಿಯಾಂವ ಒಗದಾನ."
ಯಾವ ಬುಟ್ಟ್ಯಾಗೋ, ಉಳ್ಳಾಗಡ್ಡಿ ಸಿಪ್ಪಿ ನಡುವ,
ನನ್ನ ಎರಡು ದಿನದ ಗಿಣಿಹಸರು.
ಅವರಪ್ಪ ಪ್ರೆಸ್ಸಿನಾಗ ಬೈಂಡಿಂಗ್ ಮಾಡ್ತಾನಂತ.
ರೊಕ್ಕ ಅರ್ಧ ಈಗ,
ಇನ್ನರ್ಧ ಪಂಚಾಂಗದ ಸೀಸನ್ನು ಮುಗದ ಮ್ಯಾಲ.
ಈ ಸಲ ಸಂಗಟ ಒಂದು ಪ್ಲಾಸ್ಟಿಕ್ ಡಬ್ಬಿ ಕಳಿಸಿದೆ,
ಮುಚ್ಚಳದ ಮ್ಯಾಲ ಬರದೆ: ತಿನ್ನೂ ಮುಂದ ಇದರಾಗ.

ವರ್ಷಾತು. ಹೊಸ ಅಚ್ಚು ಇವತ್ತು ಬಂದೈತಿ.
ಹಳೇದರ ಬಾಜೂಕ ಇಟ್ಟು ಸ್ಕೇಲ್ ಹಿಡದೆ.
ಎರಡು. ಬರೇ ಎರಡು ಮಿಲಿಮೀಟರ್ ಉಳದೈತಿ.
ಮುಕ್ಕಾಲು ಶೇಂಗಾ ಬೀಜದ ದಾರಿ
ಹುಡಿಗಿ ಕಚ್ಚಿ ಕಚ್ಚಿ ನಡದಾಳ.

ಸಂಜಿಗೆ ಕೆಲಸದ ಹುಡುಗ್ರು ಹೋದ ಮ್ಯಾಲ
ಒಂದು ಮೇಣದ ಹಲಿಗಿ ಬಿಸಿನೀರಾಗ ಎದ್ದಿ
ನಾ ಕಚ್ಚಿದೆ. ಗದ್ದ ಮುಂದ ತಂದು, ಅಕಿ ಕಚ್ಚಿದಂಗ.
ಕಿವಿ ಬುಡಕ್ಕ ಎಳೀತು.
ನಲವತ್ತೊಂದು ನಂಗ. ಎಲುಬು ಮಾತು ಕೇಳೋ ವಯಸ್ಸು
ಯಾವುದೋ ನಡುವಿನ ಸ್ಟಾಪಿನಾಗ ಇಳದು ಹೋಗೈತಿ,
ಟಿಕೀಟು ಸುದ್ದಾ ತೋರಿಸದ.
ಮೇಣ ಕೊರಿಯೋ ಚೂರಿಯೊಳಗ ಮಾರಿ ನೋಡಿಕೊಂಡೆ:
ತುಟಿ ಕೂಡಿದ್ವು.
ಉಸಿರು ಮೂಗಿನಾಗಿಂದ ಬಂತು, ಹೋತು.
ಹಂಗ ಸ್ವಲ್ಪ ಹೊತ್ತು ಕೂತೆ.
ಆಮ್ಯಾಲ ಮೇಣ ತಿರುಗಿ ನೀರಿಗೆ ಬಿಟ್ಟೆ.
ನನ್ನ ಹಲ್ಲಿನ ಗುರ್ತು ಮೆತ್ತಗಾಗಿ, ತುಂಬಿಕೊಂಡು,
ಬರೇ ಗುಲಾಬಿ ಉಳೀತು.

ಮುಂದಿನ ಡಬ್ಬಿ ಹಾವೇರಿದು.
ಮುದಸ್ಸರ್ ಕಿತ್ತೂರ. ಹತ್ತು ವರ್ಷ. ಆರು ಮಿಲಿಮೀಟರ್.
ಬಣ್ಣ ಅನ್ನೋಲ್ಲಿ ಏನೂ ಬರದಿಲ್ಲ.
ಫೋನ್ ಹಚ್ಚಿದೆ.
"ಯಾವುದಾರ ಹಾಕ್ರಿ," ಅಂದ್ಲು ಕೌಂಟರಿನಾಕಿ,
"ಹುಡುಗ ಇಲ್ಲೇ ಹೊರಗ ಕೂತಾನ, ಗಿರಾಕಿ ಭಾಳ ಅದಾರ."
"ಹಂಗಲ್ಲವಾ. ಅವನ್ನ ಕೇಳು.
ನಾ ಲೈನ್ ಹಿಡದಿರತೀನಿ."